ಉಗ್ರಾಣದ ಬೀಗದ ಕೈ

ಕಳೆದ ವರ್ಷ ಚೆನ್ನೈನ ಮೈಲಾಪುರದಲ್ಲಿ ನನ್ನ ಸಹೋದ್ಯೋಗಿಯೊಬ್ಬರ ತಂಗಿಯ ಮದುವೆಗೆ ಹೋಗಿದ್ದೆ. ಹೆಣ್ಣಿನ ಅಣ್ಣನಾದ ಅವರು ಪಂಚೆ ಉಟ್ಟು ಮೊದಲ ಸಾಲಿನಲ್ಲಿ ತಾಯಿಯ ಪಕ್ಕ ಕುಳಿತು, ವಧೂವರರನ್ನು ಉಯ್ಯಾಲೆಯಲ್ಲಿ ತೂಗುವ ಊಂಜಲಿನಿಂದ ಮಾಂಗಲ್ಯಧಾರಣೆಯವರೆಗೆ ಎಲ್ಲವನ್ನೂ ನೋಡಿದರು. ಅಕ್ಷತೆ ಹಾಕುವಾಗ ಅವರ ಕಣ್ಣು ತುಂಬಿ ಬಂದಿತ್ತು. ಅವರ ಸೊಂಟದಲ್ಲಿ ಬೀಗದ ಕೈ ಇರಲಿಲ್ಲ, ಯಾರೂ ಅವರನ್ನು ಹುಡುಕಿಕೊಂಡು ಬರಲಿಲ್ಲ. ನೋಡುತ್ತ ಕುಳಿತ ನನಗೆ ಎದೆಯಲ್ಲಿ ಏನೋ ಚುಚ್ಚಿದಂತಾಯಿತು.

1998ರಲ್ಲಿ ಸಾಗರದ ಹತ್ತಿರದ ನಮ್ಮ ಮನೆಯಂಗಳದಲ್ಲಿ ನನ್ನ ತಂಗಿಯ ಮದುವೆ ನಡೆದಾಗ ಉಗ್ರಾಣವನ್ನು ನನಗೆ ಒಪ್ಪಿಸಿದ್ದರು. ಅಡಿಗೆ ಭಟ್ಟರಿಗೆ ತುಪ್ಪ ಅಳೆದು ಕೊಡುತ್ತಿದ್ದಾಗ ವಾದ್ಯದ ಸದ್ದು ಒಮ್ಮೆಲೇ ಜೋರಾಯಿತು; ಧಾರೆಯಾಯಿತು ಎಂದು ತಿಳಿದದ್ದು ಆ ಸದ್ದಿನಿಂದ. ಬಾಳೆಎಲೆ ಎಣಿಸಿಕೊಟ್ಟು ಮಂಟಪಕ್ಕೆ ಓಡುವಷ್ಟರಲ್ಲಿ ಸಪ್ತಪದಿಯೂ ಮುಗಿದಿತ್ತು. ಉಗ್ರಾಣ ಸಿಗುವುದೆಂದರೆ ನಮ್ಮ ಕಡೆ ದೊಡ್ಡ ನಂಬಿಕೆಯ ಮಾತು, ಹಾಗೆಂದೇ ಇಷ್ಟು ವರ್ಷ ಹೆಮ್ಮೆಪಟ್ಟಿದ್ದೆ. ಆದರೆ ಒಡಹುಟ್ಟಿದವಳ ಮದುವೆಯನ್ನು ನಾನು ನೋಡಿಲ್ಲವೆಂಬುದೂ ಅಷ್ಟೇ ನಿಜ, ಮತ್ತು ಅದನ್ನು ಮನೆಯಲ್ಲಿ ಯಾರೂ ಒಂದು ಕೊರತೆಯೆಂದು ಎಣಿಸಲಿಲ್ಲ.

ಈಗ ನನ್ನ ಮಗಳ ಮದುವೆ ತಮಿಳರ ತೈ ತಿಂಗಳಲ್ಲಿ, ಅಂದರೆ ಸಂಕ್ರಾಂತಿ ಕಳೆದ ಮೇಲೆ, ಇಲ್ಲಿ ಚೆನ್ನೈಯಲ್ಲಿಯೇ ನಡೆಯಲಿದೆ. ಮದುವೆಗಳಿಲ್ಲದ ಹಿಂದಿನ ತಿಂಗಳು ಮಾರ್ಗಳಿ ಮುಗಿಯುವುದನ್ನೇ ಇಡೀ ಊರು ಕಾಯುವುದರಿಂದ ತೈ ಮುಹೂರ್ತಗಳಿಗೆ ಛತ್ರ ಸಿಗುವುದೇ ಕಷ್ಟ. ಸಿಕ್ಕರೂ ಹಿಂದಿನ ದಿನದಿಂದ ಮರುದಿನ ಮಧ್ಯಾಹ್ನದವರೆಗೆ ಮಾತ್ರ. ಆದ್ದರಿಂದ ವೆಡ್ಡಿಂಗ್ ಪ್ಲಾನರ್ ಒಬ್ಬರನ್ನು ಮೊದಲು ವಿಚಾರಿಸಿದೆ. ಅವರು ಒಟ್ಟು ಖರ್ಚಿನಲ್ಲಿ ಶೇಕಡಾ 12 ಕೇಳಿದರು. ನಮ್ಮ ಖರ್ಚು ಏರಿದಷ್ಟೂ ತಮ್ಮ ಪಾಲು ಏರುವ ವ್ಯಕ್ತಿಯಿಂದ ಖರ್ಚು ತಗ್ಗಿಸುವ ಸಲಹೆ ಬಂದೀತೆಂದು ನನಗೆ ಅನಿಸಲಿಲ್ಲ. ಹೂವಿನವರಿಂದಲೂ ಮಂಟಪದ ಅಲಂಕಾರದವರಿಂದಲೂ ಕಮಿಷನ್ ಬರುತ್ತದೆಯೇ ಎಂದು ಕೇಳಿದ್ದಕ್ಕೆ ಸ್ಪಷ್ಟ ಉತ್ತರ ಸಿಗಲಿಲ್ಲವಾದ್ದರಿಂದ ಆ ಮಾತು ಅಲ್ಲಿಗೇ ನಿಂತಿತು.

ಚೆನ್ನೈಯಲ್ಲಿ ಅದಕ್ಕಿಂತ ಹಳೆಯದಾದ ಇನ್ನೊಂದು ದಾರಿಯಿದೆ. ಅಡಿಗೆಯವರೇ ಇಡೀ ಮದುವೆಯನ್ನು ಕಾಂಟ್ರ್ಯಾಕ್ಟ್ ಹಿಡಿಯುತ್ತಾರೆ. ವರನ ಮೆರವಣಿಗೆಯಾದ ಜಾನವಾಸದ ಕಾರು, ನಾದಸ್ವರ, ವಾಧ್ಯಾರರು (ಪುರೋಹಿತರು), ಹೋಮದ ಸಮಿತ್ತು, ಬೀಗರಿಗೆ ಕೊಡುವ ಸೀರ್ ಭಕ್ಷಣದ ಲಾಡು ಮುರುಕ್ಕು, ಬಾಗಿಲ ರಂಗೋಲಿ, ತಾಂಬೂಲದ ಚೀಲ ಎಲ್ಲವೂ ಒಂದೇ ಪಟ್ಟಿಯಲ್ಲಿ ಬರುತ್ತವೆ. ಊಟಕ್ಕೆ ಎಲೆಯ ಲೆಕ್ಕ. ಒಪ್ಪಿದ್ದಕ್ಕಿಂತ ಹೆಚ್ಚು ಎಲೆ ಬಿದ್ದರೆ ಹೆಚ್ಚಿನದಕ್ಕೆ ಮಾತ್ರ ದುಡ್ಡು. ಮೊತ್ತ ಮೊದಲೇ ಗೊತ್ತಿರುತ್ತದೆ, ತಪ್ಪಾದರೆ ಕೇಳಲು ಒಬ್ಬರೇ ಇರುತ್ತಾರೆ. ನಾನು ಇದನ್ನೇ ಒಪ್ಪಿಕೊಂಡೆ.

ದುಡ್ಡು ಕೊಟ್ಟು ಮಾಡಿಸುವುದು ಎಂಥ ಮದುವೆ ಎಂದು ಊರಿನವರು ಕೇಳುತ್ತಾರೆ. ನಾನು ಕಂಡಂತೆ ಹಾಗೆ ಕೇಳುವವರು ಚಪ್ಪರದಡಿ ಕುರ್ಚಿಯಲ್ಲಿ ಕುಳಿತು ಕವಳ ಹಾಕುವವರೇ ಹೊರತು, ನಡುರಾತ್ರಿಯವರೆಗೆ ತರಕಾರಿ ಹೆಚ್ಚಿ, ಕಾಯಿ ತುರಿದು, ನಾಲ್ಕು ಗಂಟೆಗೆ ಮತ್ತೆ ಎದ್ದು ಒಲೆಯ ಮುಂದೆ ನಿಲ್ಲುವ ಹೆಂಗಸರಲ್ಲ. ನನ್ನ ಅತ್ತಿಗೆ ಮೂರು ನಾದಿನಿಯರ ಮದುವೆ ಮಾಡಿಸಿದವರು. ಮೂರರಲ್ಲಿಯೂ ಅವರು ಉಟ್ಟ ಹೊಸ ಸೀರೆ ಫೋಟೊದಲ್ಲಿ ಕಾಣುವುದಿಲ್ಲ, ಏಕೆಂದರೆ ಅವರೇ ಫೋಟೊದಲ್ಲಿಲ್ಲ. ಇದನ್ನು ಸಂಪ್ರದಾಯವೆಂದು ಹೊಗಳಲು ನನಗೆ ಇನ್ನು ಸಾಧ್ಯವಿಲ್ಲ. ಮೇಲಾಗಿ, ಬಡಿಸುತ್ತಿದ್ದ ಹುಡುಗರೆಲ್ಲ ಬೆಂಗಳೂರು ಸೇರಿದ ಮೇಲೆ ಊರಿನಲ್ಲಿಯೂ ಬಡಿಸಲು ಕೂಲಿಯವರು ಬರುತ್ತಿದ್ದಾರೆ.

ಆದರೂ ಒಂದು ಮಾತನ್ನು ಒಪ್ಪಲೇಬೇಕು. ತೋಟ ಪಾಲಾದಾಗಿನಿಂದ ನಮ್ಮ ದೊಡ್ಡಪ್ಪನ ಮನೆಯವರಿಗೂ ನಮಗೂ ಮಾತಿರಲಿಲ್ಲ. ತಂಗಿಯ ಮದುವೆಯ ಹಿಂದಿನ ರಾತ್ರಿ ದೊಡ್ಡಮ್ಮ ಮೆಟ್ಟುಗತ್ತಿ ಹಿಡಿದುಕೊಂಡು ಬಂದು, ಯಾರನ್ನೂ ಮಾತನಾಡಿಸದೆ, ಸೌತೆಕಾಯಿ ರಾಶಿಯ ಮುಂದೆ ಅಮ್ಮನ ಎದುರಿಗೇ ಕುಳಿತರು. ಅಪ್ಪೆಹುಳಿಯ ಒಗ್ಗರಣೆ ಹೊತ್ತಿಗೆ ಇಬ್ಬರೂ ನಗುತ್ತಿದ್ದರು. ಕೆಲಸವಿದ್ದುದರಿಂದ ಬರಲು ಅವರಿಗೊಂದು ನೆಪ ಸಿಕ್ಕಿತು. ಮೈಲಾಪುರದ ಛತ್ರದಲ್ಲಿ ಅಂಥ ನೆಪ ಯಾರಿಗೂ ಇರಲಿಲ್ಲ; ಬಂದವರು ಉಂಡು, ಚೀಲ ಹಿಡಿದು, ಹನ್ನೆರಡೂವರೆಗೆ ಹೊರಟರು. ನನ್ನ ಮಗಳ ಮದುವೆಗೆ ಊರಿನಿಂದ ಬರುವವರಿಗೂ ಅಲ್ಲಿ ಮಾಡಲು ಏನೂ ಇರುವುದಿಲ್ಲ, ಮತ್ತು ಅದಕ್ಕೆ ಯಾವ ಕಾಂಟ್ರ್ಯಾಕ್ಟಿನಲ್ಲಿಯೂ ಪರಿಹಾರವಿಲ್ಲ.

ಮುಂಗಡ ಕೊಟ್ಟು ಬಂದ ಸಂಜೆ ಅಣ್ಣ ಫೋನ್ ಮಾಡಿ ಛತ್ರ, ದಿನ, ಎಷ್ಟು ಜನ ಎಂದೆಲ್ಲ ಕೇಳಿದ. ಕೊನೆಗೆ, ಉಗ್ರಾಣಕ್ಕೆ ಯಾರನ್ನು ಗೊತ್ತು ಮಾಡಿದ್ದೀಯೆಂದೂ, ತಾನು ಎರಡು ದಿನ ಮೊದಲೇ ಬಂದು ನೋಡಿಕೊಳ್ಳಬಲ್ಲೆನೆಂದೂ ಹೇಳಿದ. ಅವನಿಗೀಗ ಅರವತ್ತೆರಡು. ಉಗ್ರಾಣವೇ ಇಲ್ಲವೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಎರಡು ದಿನ ಮೊದಲೇ ಬಾ ಅಣ್ಣ ಎಂದಷ್ಟೇ ಹೇಳಿದೆ.