ಎಂಜಿನಿಯರಿಂಗ್ ಮೊದಲ ಸೆಮಿಸ್ಟರ್‌ನಲ್ಲಿ ಕನ್ನಡ ಮಾಧ್ಯಮದವರಿಗೆ ಬೇರೆ ಸೆಕ್ಷನ್ ಬೇಕೆ?

ಪರ

ಮೈಸೂರಿನ ಎನ್‌ಐಇ, 1962ರಿಂದ ನಡೆಯುತ್ತಿರುವ ಮಂಡ್ಯದ ಪಿಇಎಸ್‌ನಂಥ ಕಾಲೇಜುಗಳಿಗೆ ಹಳ್ಳಿ ಮಕ್ಕಳು ಬರಲು ಸಿಇಟಿಯಲ್ಲಿ ದಾರಿಯಿದೆ: ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5. ಸೀಟು ಕೊಡಿಸಿದ ನಿಯಮ ತರಗತಿಯೊಳಗೆ ಬಂದು ಪಾಠ ಹೇಳುವುದಿಲ್ಲ.

ಮೆಕ್ಯಾನಿಕ್ಸನ್ನೇ ನೋಡಿ. ಹೈಸ್ಕೂಲಿನಲ್ಲಿ ಜಡತ್ವ (ಇನರ್ಷಿಯಾ) ಕಲಿತ ಹುಡುಗಿಯ ಮುಂದೆ 'ಮೊಮೆಂಟ್ ಆಫ್ ಇನರ್ಷಿಯಾ' ಬರುತ್ತದೆ. ಬೋರ್ಡಿನ ಮೇಲೊಂದು ಟಿ-ಸೆಕ್ಷನ್ (ಟಿ ಅಕ್ಷರದಂಥ ಆಕೃತಿ), ಉತ್ತರದ ಏಕಮಾನ ಮಿಲಿಮೀಟರಿನ ನಾಲ್ಕನೇ ಘಾತ. ದ್ರವ್ಯರಾಶಿಯೇ ಇಲ್ಲದ ಆಕೃತಿಗೆ ಜಡತ್ವ ಎಲ್ಲಿಂದ ಬಂತು? ಒಳ್ಳೆಯ ಪ್ರಶ್ನೆ. ಇಲ್ಲಿ ಲೆಕ್ಕಕ್ಕೆ ಬರುವುದು ಅಕ್ಷದಿಂದ ಕ್ಷೇತ್ರಫಲ ಎಷ್ಟು ದೂರ ಹರಡಿದೆ ಎಂಬುದು, ಹೆಸರಷ್ಟೇ ಎರವಲು. ಆದರೆ ತುಂಬಿದ ಕ್ಲಾಸಿನಲ್ಲಿ ಇದನ್ನು ಇಂಗ್ಲಿಷ್‌ನಲ್ಲಿ ಕೇಳಬೇಕು, ಬೆಂಗಳೂರಿನ ದುಬಾರಿ ಶಾಲೆಗಳಲ್ಲಿ ಓದಿ ಬಂದವರ ಎದುರು. ಅವಳು ಕೇಳುವುದಿಲ್ಲ, ಸೂತ್ರ ಬಾಯಿಪಾಠ ಮಾಡುತ್ತಾಳೆ. ಒಂದು ಅಕ್ಷದ ಉತ್ತರದಿಂದ ಅದಕ್ಕೆ ಸಮಾಂತರವಾದ ಇನ್ನೊಂದರದ್ದನ್ನು ತೆಗೆಯುವ ಸಮಾಂತರ ಅಕ್ಷದ ಪ್ರಮೇಯಕ್ಕೆ ಬಂದಾಗ ಯಾವ ಎರಡು ಅಕ್ಷಗಳ ನಡುವಿನ ದೂರ ತೆಗೆದುಕೊಳ್ಳಬೇಕೆಂದು ತಿಳಿಯದೆ ತಪ್ಪುತ್ತಾಳೆ.

ಬೇರೆ ಸೆಕ್ಷನ್ ಎಂದರೆ ಸುಲಭದ ಸಿಲಬಸ್ ಅಲ್ಲ. ಮೂವತ್ತು ಜನ, ವಿವರಣೆ ಕನ್ನಡದಲ್ಲಿ, ಲೆಕ್ಕವೂ ಪರೀಕ್ಷೆಯೂ ಇಂಗ್ಲಿಷ್‌ನಲ್ಲಿ. ಎರಡನೇ ಸೆಮಿಸ್ಟರ್‌ಗೆ ಎಲ್ಲರ ಜೊತೆ.

ವಿರೋಧ

ಆ ಹುಡುಗಿಯ ಕಷ್ಟ ನಿಜ, ಮದ್ದು ತಪ್ಪು. ಮಾಧ್ಯಮ ಒಂದು, ಮನೆಯ ಆರ್ಥಿಕ ವರ್ಗ ಇನ್ನೊಂದು. ಬೋರ್ಡಿನಲ್ಲಷ್ಟೇ 'ಕಾನ್ವೆಂಟ್' ಎಂದಿರುವ ನಾಗಮಂಗಲದ ಕಡೆಯ ಶಾಲೆಯಲ್ಲಿ ಓದಿದವನಿಗೂ ಇದೇ ತೊಡಕು. ದಾಖಲೆಯಲ್ಲಿ ಅವನು ಇಂಗ್ಲಿಷ್ ಮಾಧ್ಯಮ, ಹಾಗಾಗಿ ಈ ಸೆಕ್ಷನ್‌ಗೆ ಸೇರುವುದೇ ಇಲ್ಲ.

ಇನ್ನು ಅಂಕ. ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಪದ್ಧತಿಯಲ್ಲಿ ಕಾಲೇಜೇ ಕೊಡುವ ಇಂಟರ್ನಲ್ಸ್ (ಸಿಐಇ) 50, ಸೆಮಿಸ್ಟರ್ ಕೊನೆಯ ಪರೀಕ್ಷೆ (ಎಸ್‌ಇಇ) 50. ಪ್ರತ್ಯೇಕ ಸೆಕ್ಷನ್‌ನಲ್ಲಿ ಇಂಟರ್ನಲ್ಸ್ ಚೆನ್ನಾಗಿ ಬಂದರೆ 'ಧರ್ಮಕ್ಕೆ ಕೊಟ್ಟಿದ್ದು' ಎನ್ನುತ್ತಾರೆ. 'ಕನ್ನಡ ಸೆಕ್ಷನ್‌ನವನು' ಎಂಬ ಹೆಸರು ಪ್ಲೇಸ್‌ಮೆಂಟ್‌ವರೆಗೂ ಬಿಡುವುದಿಲ್ಲ.

ಹಣದ ವ್ಯತ್ಯಾಸ ಬೆತ್ತಲಾಗುವುದು ಸಿ ಪ್ರೋಗ್ರಾಮಿಂಗ್ ಲ್ಯಾಬಿನಲ್ಲಿ. ಆರನೇ ಸಾಲಿನಲ್ಲಿ ಸೆಮಿಕೋಲನ್ ಬಿಟ್ಟರೆ ಎಷ್ಟೋ ಕಂಪೈಲರ್‌ಗಳು (ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವ ತಂತ್ರಾಂಶಗಳು) ಏಳನೇ ಸಾಲಿನಲ್ಲಿ ತಪ್ಪು ತೋರಿಸುತ್ತವೆ. ಕೀಬೋರ್ಡಿನಿಂದ ಅಂಕಿ ಓದಿಕೊಳ್ಳುವ ಸ್ಕ್ಯಾನ್‌ಎಫ್‌ನಲ್ಲಿ ಆಂಪರ್‌ಸ್ಯಾಂಡ್ (&) ಬಿಟ್ಟರೆ ಇನ್ನೂ ಕಷ್ಟ: ಕಂಪೈಲ್ ಆಗಿಬಿಡುತ್ತದೆ, ಓಡಿಸಿದಾಗ ಎಷ್ಟೋ ಸಲ ಕುಸಿಯುತ್ತದೆ. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದವರು ಈ ತಪ್ಪುಗಳನ್ನೆಲ್ಲ ಮೊದಲೇ ಮಾಡಿ ಮುಗಿಸಿರುತ್ತಾರೆ. ಇಲ್ಲದವರಿಗೆ ವಾರಕ್ಕೊಂದು ಲ್ಯಾಬ್, ಅದರಲ್ಲಿ ಅರ್ಧ ಹೊತ್ತು ಕೀಬೋರ್ಡಿನಲ್ಲಿ ಅಕ್ಷರ ಹುಡುಕುವುದಕ್ಕೇ ಹೋಗುತ್ತದೆ. ಸೆಕ್ಷನ್ ಬದಲಿಸಿದರೆ ಇದು ಸರಿಹೋಗುತ್ತದೆಯೆ?

ಮಿಶ್ರ ತರಗತಿಯನ್ನು ಒಡೆಯಬೇಡಿ. ಲ್ಯಾಬ್ ಜೋಡಿಗಳನ್ನು ಮೇಷ್ಟ್ರೇ ಹಾಕಲಿ. ಬಿಟ್ಟರೆ ಹಾಸ್ಟೆಲಿನವರು ಹಾಸ್ಟೆಲಿನವರ ಜೊತೆಗೇ ಕೂರುತ್ತಾರೆ. ಜಡತ್ವದ ಪ್ರಶ್ನೆಗೆ ಟ್ಯುಟೋರಿಯಲ್‌ನಲ್ಲಿ ಕನ್ನಡದಲ್ಲೇ ಉತ್ತರ ಸಿಗಲಿ, ಎಲ್ಲರ ಮುಂದೆಯೇ. ಹೆಚ್ಚುವರಿ ಲ್ಯಾಬ್ ಟೈಂಟೇಬಲ್ ಒಳಗೇ ಇರಲಿ. ಸಂಜೆ ಐದರ ಮೇಲೆ ಇಟ್ಟರೆ ಪಾಂಡವಪುರ, ಮದ್ದೂರಿನಿಂದ ರೈಲಿನಲ್ಲಿ ಓಡಾಡುವವರು, ಅಂದರೆ ಅದು ಬೇಕಾದವರೇ, ಸ್ಟೇಷನ್ ಕಡೆ ಓಡುತ್ತಿರುತ್ತಾರೆ.