ಕಡಲಿದೆಯಲ್ಲ, ಪಾರ್ಕ್ ಯಾಕೆ ಅನ್ನುವವರಿಗೆ

ಸಿಟ್ಟು ನೆತ್ತಿಗೇರಿದೆ. ಇದನ್ನು ಬರೆಯದೆ ನಿದ್ದೆ ಬರುವುದಿಲ್ಲ.

ಸಂಜೆ ನನ್ನ ಏಳು ವರ್ಷದ ಮಗಳು ಕೆಳಗೆ ಪಾರ್ಕಿಂಗ್‌ನಲ್ಲಿ ಸೀಮೆಸುಣ್ಣದಿಂದ ಕುಂಟೆಬಿಲ್ಲೆ ಚೌಕ ಬರೆದಿದ್ದಳು. ಗೋಡೆ ಮೇಲಲ್ಲ, ಯಾರ ಕಾರಿನ ಮೇಲೂ ಅಲ್ಲ. ನೆಲದ ಮೇಲೆ ಎಂಟು ಚೌಕ. ಅಪಾರ್ಟ್‌ಮೆಂಟ್ ಸಂಘದವರೊಬ್ಬರು ವಾಚ್‌ಮನ್ ಕರೆಸಿ, ಅವಳೆದುರೇ ಬಕೆಟ್ ನೀರು ಹೊಯ್ದು ತೊಳೆಸಿದರು. "ಇದು ಗಾಡಿ ನಿಲ್ಲಿಸೋ ಜಾಗ ಪುಟ್ಟಾ, ಹೊರಗೆ ಹೋಗಿ ಆಡು" ಅಂದರಂತೆ.

ಹೊರಗೆ ಎಲ್ಲಿ ಸ್ವಾಮಿ? ಗೇಟು ದಾಟಿದರೆ ರಸ್ತೆ. ರಸ್ತೆಯ ಅಂಚಿಗೆ ಗಟಾರ, ಗಟಾರದ ಹಲಗೆ ಮೇಲೆ ಬೈಕು.

ಕಾರವಾರದಲ್ಲಿ ಈ ಮಾತು ಎತ್ತಿದರೆ ಎಲ್ಲರದ್ದೂ ಒಂದೇ ಉತ್ತರ: "ಕಡಲಿದೆಯಲ್ಲ!" ಹೌದು, ಇದೆ. ಟಾಗೋರ್ ಬೀಚ್ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಆದರೆ ನಡುವೆ ಮಲಗಿರುವುದು ಹೆದ್ದಾರಿ 66. ಲಾರಿಗಳ ನಡುವೆ ನಾನೇ ಉಸಿರು ಬಿಗಿಹಿಡಿದು ದಾಟುತ್ತೇನೆ. ಏಳರ ಮಗುವನ್ನು ಒಂಟಿಯಾಗಿ ಕಳಿಸಲೇ? ಹಾಗಾಗಿ ಅವಳ ಆಟ ನನ್ನ ಬಿಡುವಿಗೆ ಕಟ್ಟುಬಿದ್ದಿದೆ. ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಕತ್ತಲು. ಕಡಲು ಭಾನುವಾರದ ಪಿಕ್‌ನಿಕ್ ಆಯಿತು, ಅಷ್ಟೇ. ಮಳೆಗಾಲದ ನಾಲ್ಕು ತಿಂಗಳು ಅದೂ ಇಲ್ಲ. ಅಲೆ ನೋಡಿದರೆ ದೊಡ್ಡವರಿಗೇ ಭಯ. ಅಂದ ಹಾಗೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವಂತಿಲ್ಲ, ಮೀನು ಮರಿ ಮಾಡಲಿ ಅಂತ. ಮೀನಿನ ಮರಿಗಾದರೂ ವರ್ಷಕ್ಕೆ 61 ದಿನ ಜಾಗ ಬಿಡುತ್ತೇವೆ ನೋಡಿ!

ನಮ್ಮ ಬಡಾವಣೆಗೆ ಪಾರ್ಕೇ ಇಲ್ಲ ಅಂದುಕೊಳ್ಳಬೇಡಿ. ನಕ್ಷೆಯಲ್ಲಿದೆ. ಹಸಿರು ಬಣ್ಣ ತುಂಬಿ, "ಉದ್ಯಾನ" ಅಂತ ಬರೆದಿದ್ದಾರೆ. ಆ ಜಾಗಕ್ಕೆ ಹೋಗಿ ನೋಡಿದರೆ ಒಂದು ಮೂಲೆಯಲ್ಲಿ ನೀರಿನ ಟ್ಯಾಂಕು, ಇನ್ನೊಂದರಲ್ಲಿ ಯಾರದೋ ಜಲ್ಲಿ ರಾಶಿ. ಉಳಿದದ್ದಕ್ಕೆ ಇಂಟರ್‌ಲಾಕ್ ಹಾಸಿ ಬೇಲಿ, ಬೀಗ. ಬಿದ್ದರೆ ಮೊಣಕಾಲು ಕಿತ್ತು ಬರುತ್ತದೆ. ಒಂದು ಕಬ್ಬಿಣದ ಜಾರುಬಂಡಿ ಇತ್ತು, ಉಪ್ಪುಗಾಳಿಗೆ ತುಕ್ಕು ಹಿಡಿದು ಅಂಚೆಲ್ಲಾ ಗರಗಸ. ಕಡಲ ತೀರದಲ್ಲಿ ಬಣ್ಣ ಕಾಣದ ಕಬ್ಬಿಣ ಎಷ್ಟು ದಿನ ಬಾಳುತ್ತದೆ ಅಂತ ಇಲ್ಲಿ ಯಾವ ದೋಣಿಯವರನ್ನು ಕೇಳಿದರೂ ಹೇಳುತ್ತಿದ್ದರು. ಕೇಳಿದರೆ ತಾನೇ!

ಕಚೇರಿಗೆ ಹೋಗಿ ಕೇಳಿದೆ. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ಮೇಡಂ, ನಿಮಗೆ ಬೀಚ್ ಇದೆಯಲ್ಲ" ಅಂದರು. ಅಲ್ಲೇ ಕುರ್ಚಿ ಎತ್ತಿ ಎಸೆಯುವಷ್ಟು ಕೋಪ ಬಂತು. ಉದ್ಯಾನ, ಆಟದ ಬಯಲು ಉಳಿಸಲೆಂದೇ ಈ ರಾಜ್ಯದಲ್ಲಿ 1985ರ ಕಾಯ್ದೆ ಇದೆ. ಬೆಂಗಳೂರಿನಲ್ಲಿ ಪಾರ್ಕಿಗೆ ಮೀಸಲಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ 1991ರಲ್ಲಿ ಸುಪ್ರೀಂ ಕೋರ್ಟೇ ಅದು ತಪ್ಪು ಅಂದಿತು. ಆಸ್ಪತ್ರೆಗೇ ಕೊಡಬಾರದು ಅಂದ ಮೇಲೆ ಜಲ್ಲಿ ರಾಶಿಗೆ ಕೊಡಬಹುದಾ?

ನಾನೇನು ದೊಡ್ಡ ಪಾರ್ಕ್ ಕೇಳುತ್ತಿಲ್ಲ. ಕಾರಂಜಿ ಬೇಡ, ಸಿಮೆಂಟಿನ ಜಿಂಕೆ ಅಂತೂ ಬೇಡವೇ ಬೇಡ. ಅಡುಗೆಮನೆ ಕಿಟಕಿಯಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಒಂದು ತುಂಡು ಮಣ್ಣು ಸಾಕು. ಹತ್ತಲು ಒಂದು ನೇರಳೆ ಮರ. ಮಳೆಗೆ ಮೇಲೊಂದು ತಗಡಿನ ಮಾಡು, ಗೋಡೆ ಬೇಡ. ಜೂನ್‌ನಿಂದ ಮಳೆ ಹೊಯ್ಯುವ ಊರಿನಲ್ಲಿ ಆಟದ ಜಾಗಕ್ಕೆ ಮಾಡು ಹಾಕಬೇಕು ಅಂತ ಯಾರಿಗೂ ಹೊಳೆಯುವುದಿಲ್ಲವಲ್ಲ, ಕಾರಿಗೆ ಮಾತ್ರ ಹೊಳೆಯುತ್ತದೆ! ನಾನು ಇದೇ ಊರಿನಲ್ಲಿ ಗಾಳಿಮರದ ಕೆಳಗೆ ಚಿಪ್ಪು ಆರಿಸುತ್ತಾ, ಲಗೋರಿ ಆಡುತ್ತಾ ಬೆಳೆದವಳು. ಯಾರೂ ಕಾವಲಿಗೆ ಬರುತ್ತಿರಲಿಲ್ಲ. ಮಗಳಿಗೆ ಮುಟ್ಟಿದರೆ ಮುನಿ ಗೊತ್ತು, ಅದೂ ಮೊಬೈಲ್‌ನಲ್ಲಿ ವಿಡಿಯೋ ನೋಡಿ. ಆಮೇಲೆ ಅದೇ ಸಂಘದವರು ಲಿಫ್ಟ್‌ನಲ್ಲಿ ಸಿಕ್ಕಿ, "ಈಗಿನ ಮಕ್ಕಳು ಸದಾ ಮೊಬೈಲು" ಅಂತ ನನಗೇ ಬುದ್ಧಿ ಹೇಳುತ್ತಾರೆ.

ಈಗ ಅವಳು ಹಾಲ್‌ನ ಟೈಲ್ಸ್ ಮೇಲೆ ಅದೇ ಎಂಟು ಚೌಕ ಬರೆದು ಕುಂಟುತ್ತಿದ್ದಾಳೆ. ಕೆಳಗಿನ ಮನೆಯವರ ಫೋನ್ ಎರಡು ಸಲ ಬಂತು. ಯಾಕೆ ಅಂತ ಗೊತ್ತು. ಎತ್ತಲಿಲ್ಲ.