ಸತ್ಯಾಂಶ: ಸೆಕೆಂಡ್ ಮುಳ್ಳು ಜಾರಿದರೆ ರೋಲೆಕ್ಸ್ ಅಸಲಿಯೇ?

ಗಲ್ಫಿನಿಂದ ಯಾರಾದರೂ ರಜೆಗೆ ಬಂದರೆ ಸಾಕು, ಕಾಸರಗೋಡು, ಕುಂಬಳೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಈ ಸಂದೇಶ ಮತ್ತೆ ತಲೆಯೆತ್ತುತ್ತದೆ: ರೋಲೆಕ್ಸ್ ವಾಚಿನ ಸೆಕೆಂಡ್ ಮುಳ್ಳು ನಿಲ್ಲದೆ ಜಾರಿದರೆ ಅಸಲಿ, ಟಿಕ್ ಟಿಕ್ ಎಂದರೆ ನಕಲಿ.

ಇದು ಸರಿಯಲ್ಲ. ಮುಳ್ಳಿನ ನಡೆ ಹೇಳುವುದು ಒಳಗಿನ ಯಂತ್ರ ಯಾವ ಬಗೆಯದು ಎಂಬುದನ್ನಷ್ಟೇ. ಬ್ಯಾಟರಿಯ ಕ್ವಾರ್ಟ್ಜ್ ವಾಚಿನಲ್ಲಿ ಮುಳ್ಳು ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಹಾರುತ್ತದೆ. ಸ್ಪ್ರಿಂಗಿನ ವಾಚಿನಲ್ಲಿ ಜಾರಿದಂತೆ ಕಂಡರೂ ಅದು ಇಡುವುದು ಚಿಕ್ಕಚಿಕ್ಕ ಹೆಜ್ಜೆಯನ್ನೇ. ಈಗಿನ ಹೆಚ್ಚಿನ ರೋಲೆಕ್ಸ್‌ಗಳಲ್ಲಿ ಸೆಕೆಂಡಿಗೆ 8. ಅಗ್ಗದ ಆಟೊಮ್ಯಾಟಿಕ್ (ಕೈಯ ಅಲುಗಾಟಕ್ಕೆ ಸ್ಪ್ರಿಂಗು ತಾನೇ ಸುತ್ತಿಕೊಳ್ಳುವ) ಯಂತ್ರ ಕೂರಿಸಿದ ನಕಲಿಯೂ ಹಾಗೇ ನಡೆಯುತ್ತದೆ. ಅಜ್ಜನ ಕೀಲಿ ಕೊಡುವ ಎಚ್‌ಎಂಟಿಯೂ ಅಷ್ಟೆ! ಇತ್ತ, 1977ರಲ್ಲಿ ಬಂದ ರೋಲೆಕ್ಸ್ ಆಯಿಸ್ಟರ್‌ಕ್ವಾರ್ಟ್ಜ್ ಅಪ್ಪಟ ಅಸಲಿ, ಆದರೆ ಟಿಕ್ ಟಿಕ್ ಎನ್ನುತ್ತದೆ.

ಹಿಂದೆ ಅಗ್ಗದ ನಕಲಿಗಳಲ್ಲಿ ಬ್ಯಾಟರಿ ಯಂತ್ರ ಇರುತ್ತಿದ್ದುದರಿಂದ ಈ ಮಾತು ಒಂದಷ್ಟು ಕೆಲಸಕ್ಕೆ ಬರುತ್ತಿತ್ತು. ಹಂಚುವವರನ್ನು ದೂರುವಂತಿಲ್ಲ.

ನೀವೇ ನೋಡಬೇಕೆಂದರೆ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆದು ಮುಳ್ಳಿನ ಹೆಜ್ಜೆ ಎಣಿಸಿ. ಮಾದರಿ ಸಂಖ್ಯೆಯನ್ನು ಕಂಪನಿಯ ಜಾಲತಾಣದ ವಿವರಕ್ಕೆ ಹೋಲಿಸಿ. ದುಡ್ಡು ಕೊಡುವ ಮೊದಲು, ಬಲ್ಲ ರಿಪೇರಿಯವರಿಂದ ಹಿಂದಿನ ಮುಚ್ಚಳ ಬಿಚ್ಚಿಸಿ ಯಂತ್ರವನ್ನೇ ನೋಡಿಸಿ. ಪೆಟ್ಟಿಗೆ, ವಾರಂಟಿ ಕಾರ್ಡನ್ನು ಮಾತ್ರ ನೆಚ್ಚಬೇಡಿ. ಅವೂ ನಕಲಿ ಸಿಗುತ್ತವೆ.